ಕ್ಯಾಮಲ್: ಮ್ಯಾಕ್ಸ್ ಪೂಲ್ ಸೈಜ್ 100 ಮಾಡಿದ್ರೂ ಹತ್ತೇ ಥ್ರೆಡ್ ಓಡ್ತವೆ, ಯಾಕೆ?

ಮಂಡಿಪೇಟೆ ಹುಡುಗ · ಸೋಮವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ. ದಾವಣಗೆರೆಯಿಂದ ಬರೀತಿದೀನಿ. ಸ್ವಲ್ಪ ಉದ್ದ ಐತೆ, ಬೇಜಾರಾಗಬೇಡ್ರಿ.

ನಮ್ಮ ಕ್ಲೈಂಟ್ ಒಬ್ರದು ಖಾಸಗಿ ಡೇರಿ. 25 ಹಾಲು ಶೀತಲ ಕೇಂದ್ರ ಅದಾವೆ. ಪ್ರತಿ ಶನಿವಾರ ವಾರದ ಬಟವಾಡೆ. ಸಂಜೆ 6:40ಕ್ಕೆ ಕೇಂದ್ರಕ್ಕೊಂದರಂತೆ 25 ಸಿಎಸ್‌ವಿ ಫೈಲು ಒಂದು ಫೋಲ್ಡರಿಗೆ ಬಂದು ಬೀಳ್ತವೆ, ಒಂದೊಂದರಲ್ಲಿ ಹತ್ತಿರ ಹತ್ತಿರ 900 ಸಾಲು, ಸಾಲಿಗೊಬ್ಬ ರೈತ. ನಮ್ಮ ಅಪಾಚೆ ಕ್ಯಾಮಲ್ (ಬೇರೆ ಬೇರೆ ಸಿಸ್ಟಮ್ಮುಗಳನ್ನ ಜೋಡಿಸೋ ಜಾವಾ ಫ್ರೇಮ್‌ವರ್ಕ್) ರೂಟು, ಅಂದ್ರೆ ಸಂದೇಶ ಹಂತ ಹಂತವಾಗಿ ಸಾಗೋ ದಾರಿ, ಫೈಲ್ ಎತ್ಕೊಂಡು, ಸಾಲು ಸಾಲಾಗಿ ಸ್ಪ್ಲಿಟ್ ಮಾಡಿ, ಪಾವತಿ ಸೇವೆಯನ್ನ ಕರೆದು, ಡೇಟಾಬೇಸಲ್ಲಿ ಬರೆದು, ರೈತರಿಗೆ ಎಸ್‌ಎಂಎಸ್ ಕಳಿಸುತ್ತೆ. ಪಾವತಿ ಸೇವೆಯ ಒಂದು ಕರೆಗೆ 800 ಮಿಲಿಸೆಕೆಂಡ್ ಹಿಡಿಯುತ್ತೆ.

ತೊಂದರೆ ಏನಂದ್ರೆ 7 ಗಂಟೆಗೆ ಪಾವತಿ ಸೇವೆ ಬಾಗ್ಲು ಹಾಕುತ್ತೆ. ನಮಗೆ ಬೇಕಾಗೋದು 30 ನಿಮಿಷ, ಇರೋದು 20. ಹೋದ ಶನಿವಾರ ಏಳೂವರೆ ಸಾವಿರ ರೈತರ ದುಡ್ಡು ಸೋಮವಾರಕ್ಕೆ ಹೋಯ್ತು. ಬೆಳಿಗ್ಗೆಯಿಂದ ಡೇರಿಯವರ ಫೋನು, ಅವರಿಗೆ ರೈತರ ಫೋನು.

ಸ್ಪ್ಲಿಟ್‌ಗೆ ಪ್ಯಾರಲಲ್ ಪ್ರೊಸೆಸಿಂಗ್ ಮೊದಲೇ ಹಾಕೈತೆ, ಅಂದ್ರೆ ಒಂದೇ ಸಲಕ್ಕೆ ಹಲವು ಸಾಲು ಬೇರೆ ಬೇರೆ ಥ್ರೆಡ್ಡಲ್ಲಿ ಓಡ್ತವೆ. ಡೀಫಾಲ್ಟ್ ಥ್ರೆಡ್ ಪೂಲ್ (ಕೆಲಸ ಮಾಡೋ ಥ್ರೆಡ್ಡುಗಳ ಗುಂಪು) ಪ್ರೊಫೈಲಲ್ಲಿ ಮ್ಯಾಕ್ಸ್ ಪೂಲ್ ಸೈಜ್ 20 ಇದ್ದದ್ದನ್ನ 100 ಮಾಡಿ ಟೆಸ್ಟ್ ಮೆಶೀನಲ್ಲಿ ಓಡಿಸಿದೆ. ಒಂದು ಸೆಕೆಂಡೂ ಉಳೀಲಿಲ್ಲ. ಥ್ರೆಡ್ ಡಂಪ್ (ಆ ಕ್ಷಣಕ್ಕೆ ಯಾವ ಥ್ರೆಡ್ ಏನು ಮಾಡ್ತೈತೆ ಅನ್ನೋ ಪಟ್ಟಿ) ತೆಗೆದ್ರೆ ಹತ್ತೇ ಥ್ರೆಡ್ ಕೆಲಸ ಮಾಡ್ತಾ ಇದಾವೆ. ನನ್ನ 100 ಎಲ್ಲಿ ಹೋಯ್ತು?

ಕ್ಯಾಮಲ್ 2.25, ಜಾವಾ 8, ಟಾಮ್‌ಕ್ಯಾಟ್, ಸ್ಪ್ರಿಂಗ್ ಎಕ್ಸ್‌ಎಂಎಲ್. ನಾನು ಬರೆದದ್ದಲ್ಲ, ಹಿಂದಿನವರು ಬಿಟ್ಟು ಹೋದದ್ದು.

---

ಜಾಲಿಮರ · ಸೋಮವಾರ ರಾತ್ರಿ 9:52

ಜಾವಾ 8?! 2.25?! ಮೊದ್ಲು ಅದನ್ನ ಎಸೀರಿ. ಜಾವಾ 21ಕ್ಕೆ ಬನ್ನಿ, ವರ್ಚುಯಲ್ ಥ್ರೆಡ್ (ಜಾವಾದ ಹಗುರ ಥ್ರೆಡ್) ಆನ್ ಮಾಡಿ, ಪೂಲು ಗೀಲು ಏನೂ ಬೇಡ. ಕಥೆ ಮುಗೀತು.

---

ಮಂಡಿಪೇಟೆ ಹುಡುಗ · ಸೋಮವಾರ ರಾತ್ರಿ 9:55

ಅಣ್ಣ, ಶನಿವಾರದೊಳಗೆ ಆಗೋದು ಹೇಳ್ರಿ.

---

ಮಾರಿಕಣಿವೆ · ಸೋಮವಾರ ರಾತ್ರಿ 10:20

ತಮ್ಮಾ, ನಿನ್ನ 100 ಎಲ್ಲೂ ಹೋಗಿಲ್ಲ, ಅದರ ಸರದಿ ಇನ್ನೂ ಬಂದಿಲ್ಲ.

ಕ್ಯಾಮಲ್‌ನ ಡೀಫಾಲ್ಟ್ ಪ್ರೊಫೈಲು ಹೀಗಿರುತ್ತೆ: ಪೂಲ್ ಸೈಜ್ 10, ಮ್ಯಾಕ್ಸ್ ಪೂಲ್ ಸೈಜ್ 20, ಕೀಪ್ ಅಲೈವ್ 60 ಸೆಕೆಂಡ್, ಮ್ಯಾಕ್ಸ್ ಕ್ಯೂ ಸೈಜ್ 1000, ತುಂಬಿದರೆ ಕಾಲರ್ ರನ್ಸ್. ಇದನ್ನ ಓದಿದವರಿಗೆಲ್ಲ ಅನ್ನಿಸೋದು ಒಂದೇ: ಹತ್ತರಿಂದ ಶುರುವಾಗಿ, ಕೆಲಸ ಜಾಸ್ತಿಯಾದಂಗೆ ಇಪ್ಪತ್ತಕ್ಕೆ ಏರಿ, ಅದೂ ಸಾಲದಿದ್ರೆ ಕ್ಯೂನಲ್ಲಿ ನಿಲ್ತವೆ ಅಂತ. ನಾನೂ ಎರಡು ವರ್ಷ ಹಂಗೇ ತಿಳ್ಕೊಂಡಿದ್ದೆ. ಆದರೆ ಒಳಗಿರೋದು ಜಾವಾದ್ದೇ ಥ್ರೆಡ್ ಪೂಲ್ ಎಕ್ಸಿಕ್ಯೂಟರ್. ಅದರ ಕ್ರಮ ಬೇರೆ. ಮೊದಲು ಹತ್ತು ಥ್ರೆಡ್. ಹತ್ತೂ ಕೆಲಸದಲ್ಲಿದ್ದರೆ ಹೊಸ ಕೆಲಸ ಕ್ಯೂಗೆ. ಕ್ಯೂ ಪೂರ್ತಿ ತುಂಬಿದ ಮೇಲೇ ಹನ್ನೊಂದನೇ ಥ್ರೆಡ್ಡು ಹುಟ್ಟೋದು.

ನಮ್ಮ ಹಿರಿಯೂರು ಕಡೆಯವರಿಗೆ ಇದು ಬೇಗ ತಿಳಿಯುತ್ತೆ. ವಾಣಿವಿಲಾಸ ಸಾಗರ ನೋಡಿದ್ದೀಯಲ್ಲ. 130 ಅಡಿ ತುಂಬೋವರೆಗೂ ಕೋಡೀಲಿ ಒಂದು ಹನಿ ಹೋಗಲ್ಲ, ಕೋಡಿ ಎಷ್ಟೇ ಅಗಲ ಇರಲಿ. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಕೋಡಿ ಇತ್ತು, ನೀರು ಹರೀಲಿಲ್ಲ ಅಷ್ಟೆ. ನೀನು ಮಾಡಿರೋದು ಕೋಡಿ ಅಗಲ ಮಾಡೋ ಕೆಲಸ.

ಲೆಕ್ಕ ನೋಡು. ಫೈಲ್ ಕನ್ಸ್ಯೂಮರ್ ಒಂದು ಫೈಲ್ ಮುಗಿಸಿ ಇನ್ನೊಂದು ತಗೊಳ್ಳುತ್ತೆ. ಒಂದು ಫೈಲಲ್ಲಿ 900 ಸಾಲು. ಹತ್ತು ಥ್ರೆಡ್ಡಿಗೆ ಹೋದವು, 890 ಕ್ಯೂನಲ್ಲಿ. ಕ್ಯೂ ಹಿಡಿಯೋದು 1000. ಆದ್ದರಿಂದ ನಿನ್ನ ಕೆರೆ ಯಾವತ್ತೂ ತುಂಬಲ್ಲ. ಹತ್ತು ಥ್ರೆಡ್, 0.8 ಸೆಕೆಂಡ್, ಅಂದರೆ ಸೆಕೆಂಡಿಗೆ 12.5 ಸಾಲು, ಫೈಲಿಗೆ 72 ಸೆಕೆಂಡ್. 25 ಫೈಲಿಗೆ ಕರೆಕ್ಟಾಗಿ 30 ನಿಮಿಷ. ನಿನ್ನ ಅಳತೆಗೆ ಕೂಡುತ್ತಾ?

---

ಮಂಡಿಪೇಟೆ ಹುಡುಗ · ಸೋಮವಾರ ರಾತ್ರಿ 10:31

ಕೂಡುತ್ತೆ ಅಣ್ಣ, ಲಾಗಲ್ಲಿ ಫೈಲಿಗೆ 72, 73 ಸೆಕೆಂಡೇ ಐತೆ. ತಲೆ ಗಿರ್ ಅಂತು.

---

ವಿದ್ಯಾನಗರ ಕೊನೇ ಸ್ಟಾಪ್ · ಸೋಮವಾರ ರಾತ್ರಿ 10:44

ನಾನು ಇನ್ನೂ ಕಲೀತಿರೋನು, ದಡ್ಡ ಪ್ರಶ್ನೆ ಅನ್ನಿಸಿದ್ರೆ ಕ್ಷಮಿಸಿ. ಹಂಗಾದ್ರೆ ಕ್ಯೂ ಸೈಜನ್ನ 1000ದಿಂದ 10ಕ್ಕೆ ಇಳಿಸಿದ್ರೆ ಕೋಡಿ ಬೇಗ ಬೀಳುತ್ತಲ್ವಾ?

---

ಮಾರಿಕಣಿವೆ · ಸೋಮವಾರ ರಾತ್ರಿ 11:02

ದಡ್ಡ ಪ್ರಶ್ನೆ ಅಲ್ಲ, ಅದೂ ಒಂದು ದಾರಿ. ಕ್ಯೂ ಸೈಜ್ 0 ಕೊಟ್ಟರೆ ಕ್ಯೂನೇ ಇರಲ್ಲ, ಕೆಲಸ ಕೈಯಿಂದ ಕೈಗೆ ಹೋಗುತ್ತೆ. ಬಿಡುವಾಗಿರೋ ಥ್ರೆಡ್ ಇಲ್ಲದಿದ್ರೆ ಆಗಿಂದಾಗ್ಗೆ ಹೊಸದು ಹುಟ್ಟುತ್ತೆ, ಮ್ಯಾಕ್ಸ್ ಮುಟ್ಟಿದ ಮೇಲೆ ರಿಜೆಕ್ಟ್ ಪಾಲಿಸಿ. ಇಲ್ಲಿ ಆ ಪಾಲಿಸಿ ಕಾಲರ್ ರನ್ಸ್: ಕೆಲಸ ಕೊಡಲು ಬಂದ ಥ್ರೆಡ್ಡೇ ಆ ಕೆಲಸ ಮಾಡಬೇಕು. ಹೋಟೆಲಲ್ಲಿ ಮಾಣಿ ಸಿಗದಿದ್ರೆ ಗಲ್ಲಾದಲ್ಲಿ ಕೂತವರೇ ಎದ್ದು ತಟ್ಟೆ ತಂದುಕೊಟ್ಟಂಗೆ. ಅಷ್ಟು ಹೊತ್ತು ಗಲ್ಲಾ ನಿಂತಿರುತ್ತೆ, ಹೊಸ ಆರ್ಡರ್ ಬರಲ್ಲ, ಅಡುಗೆಮನೆಗೆ ಉಸಿರಾಡಲು ಬಿಡುವು ಸಿಗುತ್ತೆ. ಒಳ್ಳೇ ಪಾಲಿಸಿ ಅದು. ಅಬಾರ್ಟ್ ಇಟ್ಟರೆ ಎಕ್ಸೆಪ್ಷನ್ ಬೀಳುತ್ತೆ. 2.x ನಲ್ಲಿ ಡಿಸ್ಕಾರ್ಡ್ ಅಂತಾನೂ ಐತೆ, ಸದ್ದಿಲ್ಲದೆ ಕೆಲಸ ಎಸೆದುಬಿಡುತ್ತೆ. ದುಡ್ಡಿನ ರೂಟಲ್ಲಿ ಅದನ್ನ ನೆನೆಸ್ಕೋಬೇಡಿ.

ಆದರೆ ಮಂಡಿಪೇಟೆ ತಮ್ಮಂಗೆ ಅಂದಾಜು ಮೊದಲೇ ಗೊತ್ತಿದೆ, ಹಾಗಾಗಿ ಪೂಲ್ ಸೈಜನ್ನೇ ನೇರ ಏರಿಸೋದು ವಾಸಿ. ಒಂದೇ ಗುಣಾಕಾರ. ಸೆಕೆಂಡಿಗೆ ಎಷ್ಟು ಸಾಲು ಬೇಕು, ಒಂದು ಸಾಲು ಎಷ್ಟು ಸೆಕೆಂಡ್ ಒಳಗಿರುತ್ತೆ, ಗುಣಿಸು. 22,500 ಸಾಲು 10 ನಿಮಿಷದಲ್ಲಿ ಅಂದರೆ ಸೆಕೆಂಡಿಗೆ 37.5. ಗುಣಿಸು 0.8. ಬಂತು 30. ಲಿಟಲ್ಸ್ ಲಾ ಅಂತಾರೆ ಇದಕ್ಕೆ, ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು.

---

ಮಂಡಿಪೇಟೆ ಹುಡುಗ · ಮಂಗಳವಾರ ಮಧ್ಯಾಹ್ನ 1:15

ಪೂಲ್ ಸೈಜ್ 30, ಮ್ಯಾಕ್ಸ್ 30 ಮಾಡ್ದೆ. ಎಸ್‌ಎಂಎಸ್ ಆಫ್ ಮಾಡಿ, ಪಾವತಿ ಸೇವೆ ಜಾಗಕ್ಕೆ 800 ಮಿಲಿಸೆಕೆಂಡ್ ಸುಮ್ನೆ ಕಾಯೋ ಡಮ್ಮಿ ಇಟ್ಟು ಓಡಿಸಿದೆ. ನಗಬೇಡ್ರಿ.

ಫೈಲಿಗೆ 72 ಸೆಕೆಂಡು. ಅಷ್ಟೇ. ಮೊದಲಿನಷ್ಟೇ.

ಸಾಲದ್ದಕ್ಕೆ ಅರ್ಧ ದಿನ ಬಿಟ್ಟು ನೋಡಿದ್ರೆ ಜೆವಿಎಂನಲ್ಲಿ (ಜಾವಾ ಓಡೋ ಪ್ರೋಸೆಸ್ಸು) ಕ್ಯಾಮಲ್ ಥ್ರೆಡ್ಡುಗಳೇ 330 ಆಗಿದಾವೆ. ನಾನು ಕೇಳಿದ್ದು 30. ಹೆಸರು ನೋಡಿದ್ರೆ ಎಲ್ಲಾ "ಕ್ಯಾಮಲ್-1 ಥ್ರೆಡ್ 14 ಸ್ಪ್ಲಿಟ್", "ಕ್ಯಾಮಲ್-3 ಥ್ರೆಡ್ 41 ವೈರ್‌ಟ್ಯಾಪ್" ಈ ಥರ. ಕ್ಯಾಮಲ್-3 ಯಾವ್ದು, ಕ್ಯಾಮಲ್-1 ಯಾವ್ದು, ದೇವರಿಗೇ ಗೊತ್ತು.

---

ಮೊಳಕಾಲ್ಮೂರು ಎಳೆ · ಮಂಗಳವಾರ ಮಧ್ಯಾಹ್ನ 2:05

ಮಗ್ಗದ ಮನೆಯವಳು ನಾನು, ಎಳೆ ಲೆಕ್ಕ ತಪ್ಪಿದ್ರೆ ಸುಮ್ನೆ ಕೂರೋಕಾಗಲ್ಲ.

ಮೊದಲು 330 ಎಲ್ಲಿಂದ ಬಂತು ಅನ್ನೋದು. ಪ್ರೊಫೈಲ್ ಅಂದ್ರೆ ಪೂಲ್ ಅಲ್ಲ. ಅದು ಅಚ್ಚು. ಪ್ಯಾರಲಲ್ ಸ್ಪ್ಲಿಟ್, ಪ್ಯಾರಲಲ್ ಮಲ್ಟಿಕಾಸ್ಟ್ (ಒಂದೇ ಸಂದೇಶ ಹಲವು ಕಡೆಗೆ), ವೈರ್‌ಟ್ಯಾಪ್ (ಸಂದೇಶದ ನಕಲನ್ನ ಪಕ್ಕಕ್ಕೆ ಕಳಿಸಿ, ಕಾಯದೆ ಮುಂದೆ ಹೋಗೋದು), ಥ್ರೆಡ್ಸ್ (ಮುಂದಿನ ಕೆಲಸ ಬೇರೆ ಪೂಲಿಗೆ ಕೊಡೋದು) ಅಂತ ಎಲ್ಲೆಲ್ಲಿ ಬರೆದಿದ್ದೀರೋ ಅಲ್ಲೆಲ್ಲ ಕ್ಯಾಮಲ್ ಆ ಅಚ್ಚಿಂದ ಒಂದೊಂದು ಬೇರೆ ಪೂಲ್ ಎರಕ ಹೊಯ್ಯುತ್ತೆ. ನೀವು ತಿದ್ದಿದ್ದು ಡೀಫಾಲ್ಟ್ ಅಚ್ಚು. ನಿಮ್ಮ ಎಕ್ಸ್‌ಎಂಎಲ್‌ನಲ್ಲಿ ಇಂಥ ಜಾಗ ಎಷ್ಟಿದಾವೆ ಎಣಿಸಿ, ನನ್ನ ಅಂದಾಜು 11.

ಎರಡನೇದು, ಕ್ಯಾಮಲ್-1, ಕ್ಯಾಮಲ್-3 ಅಂತ ಕಾಣ್ತಿದೆ ಅಂದ್ರೆ ಒಂದೇ ವಾರ್ ಫೈಲಲ್ಲಿ (ಟಾಮ್‌ಕ್ಯಾಟಿಗೆ ಹಾಕೋ ಪ್ಯಾಕೇಜು) ಮೂರೋ ನಾಲ್ಕೋ ಕಾಂಟೆಕ್ಸ್ಟ್ ಇದಾವೆ, ಯಾವುದಕ್ಕೂ ಐಡಿ ಇಟ್ಟಿಲ್ಲ, ಕ್ಯಾಮಲ್ಲೇ ನಂಬರ್ ಹಾಕಿದೆ. ಹೌದಾ?

---

ಮಂಡಿಪೇಟೆ ಹುಡುಗ · ಮಂಗಳವಾರ ಮಧ್ಯಾಹ್ನ 2:40

ಅಕ್ಕಾ, ಕೈ ಮುಗಿದೆ. ಎಣಿಸಿದೆ: ಸ್ಪ್ಲಿಟ್ 4, ವೈರ್‌ಟ್ಯಾಪ್ 3, ಮಲ್ಟಿಕಾಸ್ಟ್ 2, ಥ್ರೆಡ್ಸ್ 2. ಒಟ್ಟು 11. ಕಾಂಟೆಕ್ಸ್ಟ್ ನಾಲ್ಕು ಅದಾವೆ, ಸಂಗ್ರಹ, ದರ, ಬಟವಾಡೆ, ಸಂದೇಶ ಅಂತ ನಾಲ್ಕು ಎಕ್ಸ್‌ಎಂಎಲ್. ನಾಲ್ಕರಲ್ಲೂ ಒಂದೇ ಪ್ರೊಫೈಲನ್ನ ಕಾಪಿ ಹೊಡೆದಿದಾರೆ. ನಾನೂ ಒಂದ್ರಲ್ಲಿ ತಿದ್ದಿ ಮೂರಕ್ಕೆ ಅಂಟಿಸಿದೆ. ಒಂದಕ್ಕೊಂದು ಮಾತಾಡೋದು ವಿಎಂ ಎಂಡ್‌ಪಾಯಿಂಟ್ ಮೇಲೆ.

---

ವಿದ್ಯಾನಗರ ಕೊನೇ ಸ್ಟಾಪ್ · ಮಂಗಳವಾರ ಮಧ್ಯಾಹ್ನ 2:48

ಕಾಂಟೆಕ್ಸ್ಟ್ ಅಂದ್ರೆ ನಿಜವಾಗ್ಲೂ ಏನು ಅಕ್ಕ? ಎಲ್ಲರೂ ಕಂಟೇನರ್ ಅಂತಾರೆ, ಡಾಕರ್ ಕಂಟೇನರ್ ಥರಾನಾ?

---

ಮೊಳಕಾಲ್ಮೂರು ಎಳೆ · ಮಂಗಳವಾರ ಸಂಜೆ 4:10

ಅಲ್ಲಪ್ಪ. ಒಂದು ಅವಿಭಕ್ತ ಕುಟುಂಬ ಅಂದ್ಕೋ. ರೂಟುಗಳು, ಕಾಂಪೊನೆಂಟುಗಳು, ಎಂಡ್‌ಪಾಯಿಂಟುಗಳು, ಟೈಪ್ ಕನ್ವರ್ಟರುಗಳು, ಎಕ್ಸಿಕ್ಯೂಟರ್ ಸರ್ವೀಸ್ ಮ್ಯಾನೇಜರ್, ಎಲ್ಲಾ ಆ ಮನೆ ಒಳಗೆ. ಮನೆ ಶುರುವಾದ್ರೆ ಎಲ್ಲರೂ ಏಳ್ತಾರೆ, ಬಾಗ್ಲು ಹಾಕಿದ್ರೆ ಎಲ್ಲರೂ ಮಲಗ್ತಾರೆ. ಥ್ರೆಡ್ ಪೂಲಿನ ಯಜಮಾನಿಕೆಯೂ ಆ ಮನೇದೇ. ಹಾಗಾಗಿ ಡೀಫಾಲ್ಟ್ ಪ್ರೊಫೈಲ್ ಅನ್ನೋದು ಒಂದು ಕಾಂಟೆಕ್ಸ್ಟಿಗೆ ಒಂದು. ಪಕ್ಕದ ಮನೆಗೆ ಅದು ಗೊತ್ತೇ ಇರಲ್ಲ.

ಡೈರೆಕ್ಟ್ ಅಂದ್ರೆ ಅದೇ ಮನೆಯಲ್ಲಿ ಒಬ್ಬರು ಇನ್ನೊಬ್ಬರ ಹತ್ರ ಹೋಗಿ ನಿಂತು ಕೆಲಸ ಮಾಡಿಸ್ಕೊಂಡು ಬರೋದು, ಥ್ರೆಡ್ ಒಂದೇ. ಸೆಡಾ ಅಂದ್ರೆ ಬುಟ್ಟಿಯಲ್ಲಿ ಹಾಕಿ ಹೋಗೋದು, ಎತ್ಕೊಳ್ಳೋದು ಬೇರೆ ಥ್ರೆಡ್. ಆ ಕಡೆ ಎತ್ಕೊಳ್ಳೋರು ಡೀಫಾಲ್ಟಾಗಿ ಒಬ್ಬರೇ, ಕನ್‌ಕರೆಂಟ್ ಕನ್ಸ್ಯೂಮರ್ಸ್ 1. ವಿಎಂ ಅಂದ್ರೆ ಸೆಡಾದ್ದೇ ಇನ್ನೊಂದು ರೂಪ, ಬುಟ್ಟಿಯನ್ನ ಕಾಂಪೌಂಡ್ ಗೋಡೆ ಮೇಲೆ ಇಟ್ಟಂಗೆ.

ಈಗ ಮಂಡಿಪೇಟೆಯವರಿಗೆ. ಡೀಫಾಲ್ಟನ್ನ ಮೊದಲಿದ್ದಂಗೇ 10, 20, 1000ಕ್ಕೆ ವಾಪಸ್ ಇಡಿ. ಬಟವಾಡೆ ಕಾಂಟೆಕ್ಸ್ಟ್ ಒಳಗೆ ಮಾತ್ರ ಹೊಸ ಪ್ರೊಫೈಲ್ ಬರೀರಿ:

ಐಡಿ: ಬಟವಾಡೆ ಪ್ರೊಫೈಲ್
ಪೂಲ್ ಸೈಜ್: 30
ಮ್ಯಾಕ್ಸ್ ಪೂಲ್ ಸೈಜ್: 30
ಮ್ಯಾಕ್ಸ್ ಕ್ಯೂ ಸೈಜ್: 1000
ರಿಜೆಕ್ಟೆಡ್ ಪಾಲಿಸಿ: ಕಾಲರ್ ರನ್ಸ್

ಆ ಒಂದು ಸ್ಪ್ಲಿಟ್ಟಿಗೆ ಮಾತ್ರ ಎಕ್ಸಿಕ್ಯೂಟರ್ ಸರ್ವೀಸ್ ರೆಫ್ ಅಂತ ಈ ಐಡಿ ಕೊಡಿ. ಒಂದು ವಿಷಯ ನೆನಪಿರಲಿ, ರೆಫ್‌ನಲ್ಲಿ ಥ್ರೆಡ್ ಪೂಲ್ ಪ್ರೊಫೈಲಿನ ಐಡಿ ಕೊಟ್ಟರೆ ಅಲ್ಲಿಗೆ ಹೊಸ ಪೂಲು ಹುಟ್ಟುತ್ತೆ; ಥ್ರೆಡ್ ಪೂಲಿನ ಐಡಿ ಕೊಟ್ಟರೆ ಇರೋ ಪೂಲನ್ನೇ ಹಂಚ್ಕೊಳ್ತವೆ. ಹಂಚ್ಕೊಳ್ಳೋದು ಉಳಿತಾಯ ಅಂತ ಅನ್ನಿಸುತ್ತೆ, ಆದ್ರೆ ಒಂದು ರೂಟಲ್ಲಿರೋ ಬೀನು ಉತ್ತರಕ್ಕೆ ಕಾಯ್ತಾ, ಆ ಉತ್ತರ ಕೊಡೋ ರೂಟೂ ಅದೇ ಪೂಲಿನ ಥ್ರೆಡ್ಡಿಗೆ ಕಾಯ್ತಾ ಇದ್ರೆ, ಇಬ್ಬರೂ ಹೊಸಿಲ ಮೇಲೆ "ನೀ ಮುಂದೆ, ನೀ ಮುಂದೆ" ಅಂತ ನಿಂತುಬಿಡ್ತಾರೆ. ನಾನು ಅದರಲ್ಲಿ ಒಂದು ಇಡೀ ಯುಗಾದಿ ಹಬ್ಬ ಕಳ್ಕೊಂಡಿದ್ದೀನಿ.

ಇನ್ನು ದಯವಿಟ್ಟು ನಾಲ್ಕೂ ಕಾಂಟೆಕ್ಸ್ಟಿಗೆ ಐಡಿ ಇಡಿ. ಥ್ರೆಡ್ಡಿನ ಹೆಸರಲ್ಲಿ ಕಾಂಟೆಕ್ಸ್ಟಿನ ಹೆಸರೂ ಬರುತ್ತೆ. ಹೆಸರಿಲ್ಲದ ಡಂಪ್ ಓದೋದು ಬಣ್ಣ ಹಾಕದ ನೂಲಲ್ಲಿ ಬುಟ್ಟಾ ಹುಡುಕಿದಂಗೆ.

ಆದರೆ ಇದೆಲ್ಲಾ ಮಾಡಿದ್ರೂ 72 ಸೆಕೆಂಡ್ ಕಮ್ಮಿ ಆಗಲ್ಲ. ಅದಕ್ಕೆ ಕಾರಣ ಬೇರೆ ಇದೆ. ಆ 30 ಥ್ರೆಡ್ಡು ಏನು ಮಾಡ್ತಿದಾವೆ ಅಂತ ಡಂಪಲ್ಲಿ ನೋಡಿ ಹೇಳಿ, ಎಷ್ಟಿದಾವೆ ಅನ್ನೋದು ಆಯ್ತು.

---

ಮಂಡಿಪೇಟೆ ಹುಡುಗ · ಮಂಗಳವಾರ ರಾತ್ರಿ 8:30

ಐಡಿ ಇಟ್ಟೆ, ಪ್ರೊಫೈಲ್ ಬೇರೆ ಮಾಡ್ದೆ. ಈಗ ಡಂಪ್ ಮನುಷ್ಯರು ಓದೋ ಹಂಗೆ ಐತೆ.

ಬಟವಾಡೆ ಸ್ಪ್ಲಿಟ್ ಥ್ರೆಡ್ 30. ಅದ್ರಲ್ಲಿ 10 ಸಾಕೆಟ್ ರೀಡಲ್ಲಿ, ಅಂದ್ರೆ ಪಾವತಿ ಸೇವೆಗೆ ಕಾಯ್ತಾ. ಉಳಿದ 20 ಹಿಕಾರಿ ಪೂಲಿನ (ಡೇಟಾಬೇಸ್ ಕನೆಕ್ಷನ್ ಹಂಚೋ ಪೂಲು) ಗೆಟ್ ಕನೆಕ್ಷನ್ ಅನ್ನೋ ಜಾಗದಲ್ಲಿ ನಿಂತಿದಾವೆ. ಮೂರು ಸಲ ತೆಗೆದೆ, ಮೂರು ಸಲವೂ 10 ಮತ್ತು 20.

---

ಕೋಟೆ ಕಾವಲು · ಮಂಗಳವಾರ ರಾತ್ರಿ 8:47

ಡೇಟಾಬೇಸ್ ನೋಡ್ಕೊಳ್ಳೋನು ನಾನು, ಚಿತ್ರದುರ್ಗ. ಈ ಚರ್ಚೆಯನ್ನ ನಿನ್ನೆಯಿಂದ ಓದ್ತಾ ಇದ್ದೆ, ಯಾವಾಗ ನಮ್ಮ ಬಾಗ್ಲಿಗೆ ಬರ್ತಾರೋ ಅಂತ.

ಹಿಕಾರಿಯ ಡೀಫಾಲ್ಟ್ ಮ್ಯಾಕ್ಸಿಮಮ್ ಪೂಲ್ ಸೈಜ್ 10. ಓಬವ್ವನ ಕಿಂಡಿ ಒಂದು, ನಿಮ್ಮಲ್ಲಿ ಹತ್ತು ಇದಾವೆ, ಅಷ್ಟೇ ವ್ಯತ್ಯಾಸ. ಮೂವತ್ತು ಜನ ಬಂದ್ರೆ ಇಪ್ಪತ್ತು ಜನ ಬಂಡೆ ಆಚೆ.

---

ಮೊಳಕಾಲ್ಮೂರು ಎಳೆ · ಮಂಗಳವಾರ ರಾತ್ರಿ 8:50

ದುರ್ಗದೋರು ಬಂದ್ರು ಅಂದ್ರೆ ಕಿಂಡಿ ಬರುತ್ತೆ ಅಂತ ಗೊತ್ತಿತ್ತು 😄

---

ಮಂಡಿಪೇಟೆ ಹುಡುಗ · ಮಂಗಳವಾರ ರಾತ್ರಿ 8:55

ಹಂಗಾದ್ರೆ ಹಿಕಾರೀನೂ 30 ಮಾಡ್ಲಾ ಸರ್?

---

ಕೋಟೆ ಕಾವಲು · ಮಂಗಳವಾರ ರಾತ್ರಿ 9:20

ಬೇಡ. ಎಲ್ಲರೂ ಇದೇ ಕೇಳ್ತೀರಿ. ನಾಳೆ 50 ಅಂತೀರಿ, ನಾಡಿದ್ದು ಡೇಟಾಬೇಸು ಉಸ್ಸಪ್ಪಾ ಅಂತ ಕೂತ್ಕೊಳ್ಳುತ್ತೆ, ಆಮೇಲೆ ನನಗೆ ಫೋನು.

ನಿಮ್ಮ ಇನ್ಸರ್ಟು ಎಷ್ಟು ಹೊತ್ತು? 25 ಮಿಲಿಸೆಕೆಂಡ್ ಇರಬಹುದು. ಹತ್ತು ಕನೆಕ್ಷನ್, ತಲಾ 25 ಮಿಲಿಸೆಕೆಂಡ್ ಅಂದ್ರೆ ಸೆಕೆಂಡಿಗೆ 400 ಇನ್ಸರ್ಟ್ ಆಗಬೇಕು. ನಿಮಗೆ ಬೇಕಾಗಿರೋದು 37. ಆದರೂ ಕಿಂಡಿ ಕಟ್ಟಿಕೊಂಡಿದೆ ಅಂದರೆ ಯಾರೋ ಕಿಂಡಿ ಒಳಗೇ ಕೂತು ಬುತ್ತಿ ಬಿಚ್ಚಿದಾರೆ. ಸಾಕೆಟ್ ರೀಡಲ್ಲಿರೋ ಆ 10 ಥ್ರೆಡ್ ನೋಡಿ, ಅವು ಕನೆಕ್ಷನ್ ಕೈಯಲ್ಲಿ ಹಿಡ್ಕೊಂಡೇ ಪಾವತಿ ಸೇವೆಗೆ ಕಾಯ್ತಿದಾವೆ. ನಿಮ್ಮ ಬೀನಲ್ಲಿ ಟ್ರಾನ್ಸಾಕ್ಷನಲ್ ಅನ್ನೋ ಅನೊಟೇಶನ್ನು ಇಡೀ ಮೆಥಡ್ ಮೇಲೆ ಕೂತಿದೆ ಅಂತ ನಾನು ಒಂದು ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿ ಪಣ ಕಟ್ತೀನಿ. ಮೆಥಡ್ ಶುರುವಾದ ಕೂಡಲೇ ಸ್ಪ್ರಿಂಗ್ ಕನೆಕ್ಷನ್ ಎತ್ಕೊಂಡು ಥ್ರೆಡ್ಡಿಗೆ ಕಟ್ಟುತ್ತೆ, ಮೆಥಡ್ ಮುಗಿಯೋವರೆಗೂ ಬಿಡಲ್ಲ.

ಮೊದಲು ಇದು ಯಾಕೆ ಕಾಣಲಿಲ್ಲ ಅಂದರೆ ಥ್ರೆಡ್ಡೂ 10, ಕನೆಕ್ಷನ್ನೂ 10. ಜೋಡಿ ಜೋಡಿ ಕೂತಿದ್ದವು.

---

ಮಂಡಿಪೇಟೆ ಹುಡುಗ · ಮಂಗಳವಾರ ರಾತ್ರಿ 9:26

ಮಂಡಕ್ಕಿ ನಾನೇ ಕೊಡಿಸ್ತೀನಿ ಸರ್. ಇಡೀ ಮೆಥಡ್ ಮೇಲೇ ಐತೆ. ಕರೆಯನ್ನ ಟ್ರಾನ್ಸಾಕ್ಷನ್ನಿಂದ ಹೊರಗೆ ತೆಗೀತೀನಿ.

---

ಕೋಟೆ ಕಾವಲು · ಮಂಗಳವಾರ ರಾತ್ರಿ 9:45

ತೆಗೀರಿ, ಆದರೆ ಯೋಚನೆ ಮಾಡಿ ತೆಗೀರಿ. ದುಡ್ಡು ಹೋಯ್ತು, ನಮ್ಮ ಟೇಬಲಲ್ಲಿ ಬರೆಯೋ ಹೊತ್ತಿಗೆ ಸರ್ವರ್ ಬಿತ್ತು. ಮತ್ತೆ ಎದ್ದಾಗ ಅದೇ ಸಾಲು ಮತ್ತೆ ಹೋಗುತ್ತೆ, ರೈತನಿಗೆ ಎರಡು ಸಲ ದುಡ್ಡು. ವಾಪಸ್ ಕೇಳೋಕೆ ಯಾರು ಹೋಗ್ತಾರೆ?

ಅದಕ್ಕೆ ಎರಡು ಚಿಕ್ಕ ಟ್ರಾನ್ಸಾಕ್ಷನ್ ಮಾಡಿ. ಮೊದಲನೇದರಲ್ಲಿ ಉಲ್ಲೇಖ ಸಂಖ್ಯೆ ಸಮೇತ "ಕಳಿಸಬೇಕಿದೆ" ಅಂತ ಸಾಲು ಬರೆದು ಕಮಿಟ್. ಆಮೇಲೆ ಕೈಯಲ್ಲಿ ಕನೆಕ್ಷನ್ ಇಲ್ಲದೆ ಪಾವತಿ ಸೇವೆಗೆ ಕರೆ, ಅದೇ ಉಲ್ಲೇಖ ಸಂಖ್ಯೆ ಕೊಟ್ಟು. ಉತ್ತರ ಬಂದ ಮೇಲೆ "ಆಯ್ತು" ಅಂತ ಇನ್ನೊಂದು ಅಪ್‌ಡೇಟ್. ಸರ್ವರ್ ಬಿದ್ದು ಎದ್ದರೆ "ಕಳಿಸಬೇಕಿದೆ" ಅಂತ ಉಳಿದಿರೋದನ್ನ ಮಾತ್ರ ತಗೊಂಡು, ಮತ್ತೆ ಕಳಿಸೋ ಮೊದಲು ಆ ಸಂಖ್ಯೆಯ ಸ್ಥಿತಿ ಏನು ಅಂತ ಅವರನ್ನ ಕೇಳಿ. ಉಲ್ಲೇಖ ಸಂಖ್ಯೆಯ ಕಾಲಮ್ಮಿಗೆ ಯುನೀಕ್ ಹಾಕೋದು ಮರೀಬೇಡಿ.

---

ಮಂಡಿಪೇಟೆ ಹುಡುಗ · ಬುಧವಾರ ಸಂಜೆ 6:10

ಹತ್ತು ನಿಮಿಷ ಐವತ್ತು ಸೆಕೆಂಡು!!! 25 ಫೈಲೂ!!!

ಕನೆಕ್ಷನ್ ಇನ್ನೂ 10ರಲ್ಲೇ ಐತೆ, ಮುಟ್ಟಿಲ್ಲ. ಡಂಪಲ್ಲಿ ಹಿಕಾರಿ ಮುಂದೆ ಒಂದು ನೊಣವೂ ಇಲ್ಲ.

---

ಮಂಡಿಪೇಟೆ ಹುಡುಗ · ಬುಧವಾರ ರಾತ್ರಿ 8:40

ಖುಷಿ ಎರಡು ಗಂಟೆ ಇತ್ತು. ಎಸ್‌ಎಂಎಸ್ ಆನ್ ಮಾಡಿ ಓಡಿಸಿದೆ. ಮೊದಲ ಅರ್ಧ ನಿಮಿಷ ಜೋರು, ಆಮೇಲೆ ನಿಧಾನ. ಡಂಪಲ್ಲಿ ಬಟವಾಡೆ ಸ್ಪ್ಲಿಟ್ಟಿನ ಥ್ರೆಡ್ಡುಗಳೇ ಎಸ್‌ಎಂಎಸ್ ಗೇಟ್‌ವೇಗೆ ಕಾಯ್ತಾ ನಿಂತಿದಾವೆ. ಎಸ್‌ಎಂಎಸ್ಸು ವೈರ್‌ಟ್ಯಾಪಲ್ಲಿ ಹೋಗೋದಲ್ವಾ? ಅದು ಬೇರೆ ಪೂಲು ಅಲ್ವಾ? ಇವು ಯಾಕೆ ಅಲ್ಲಿಗೆ ಹೋದವು?

---

ಮಾರಿಕಣಿವೆ · ಬುಧವಾರ ರಾತ್ರಿ 9:15

ಗಲ್ಲಾದವರು ತಟ್ಟೆ ಎತ್ತೋ ಕಥೆ ಸೋಮವಾರ ಹೇಳಿದ್ದೆ. ಅದೇ ಇದು. ಒಂದು ಎಸ್‌ಎಂಎಸ್ಸಿಗೆ ಎಷ್ಟು ಹೊತ್ತು?

---

ಮಂಡಿಪೇಟೆ ಹುಡುಗ · ಬುಧವಾರ ರಾತ್ರಿ 9:17

ಒಂದು ಸೆಕೆಂಡು.

---

ಮಾರಿಕಣಿವೆ · ಬುಧವಾರ ರಾತ್ರಿ 9:40

ವೈರ್‌ಟ್ಯಾಪಿನ ಪೂಲು ಡೀಫಾಲ್ಟ್ ಅಚ್ಚಿನದು. ಹತ್ತು ಥ್ರೆಡ್, ಸೆಕೆಂಡಿಗೆ ಹತ್ತು ಎಸ್‌ಎಂಎಸ್. ಮೇಲಿಂದ ಬರೋದು ಸೆಕೆಂಡಿಗೆ 35. ಅಂದರೆ ಪ್ರತಿ ಸೆಕೆಂಡಿಗೆ 25 ಕ್ಯೂನಲ್ಲಿ ಉಳೀತಾವೆ, 1000 ತುಂಬೋಕೆ 40 ಸೆಕೆಂಡು. ತುಂಬಿತು, ಈ ಸಲ ಕೆರೆ ನಿಜವಾಗಿ ಕೋಡಿ ಬಿತ್ತು, ಥ್ರೆಡ್ಡು 20ಕ್ಕೆ ಏರಿದವು. ಆದರೂ ಸೆಕೆಂಡಿಗೆ 20 ಮಾತ್ರ. ಉಳಿದ 15ನ್ನು ಕಾಲರ್ ರನ್ಸ್ ಪಾಲಿಸಿ ವಾಪಸ್ ತಳ್ಳುತ್ತೆ, ತಂದವನೇ ಮಾಡಲಿ ಅಂತ. ತಂದವನು ಯಾರು? ನಿನ್ನ ಬಟವಾಡೆ ಥ್ರೆಡ್ಡು. ಮೊದಲು ನಿಧಾನ ಇದ್ದಾಗ ಮೇಲಿಂದ ಬರ್ತಿದ್ದದ್ದೇ ಹನ್ನೆರಡೂವರೆ, ಹಾಗಾಗಿ ತಡ್ಕೊಂಡಿತ್ತು.

ವೈರ್‌ಟ್ಯಾಪ್ ಪೂಲನ್ನ ದೊಡ್ಡದು ಮಾಡು ಅಂತ ನಾನು ಹೇಳಲ್ಲ. ಎಸ್‌ಎಂಎಸ್ಸು 7 ಗಂಟೆಯೊಳಗೇ ಹೋಗಬೇಕು ಅಂತ ಯಾರು ಹೇಳಿದ್ರು? ಆಕ್ಟಿವ್ ಎಂಕ್ಯೂ (ಸಂದೇಶ ಕೂಡಿಟ್ಟು ದಾಟಿಸೋ ಸರ್ವರ್) ಇದ್ದರೆ ಅದರ ಪರ್ಸಿಸ್ಟೆಂಟ್ ಕ್ಯೂಗೆ ಹಾಕಿ ಬಿಡು, ಆ ಕಡೆ ಹತ್ತು ಕನ್ಸ್ಯೂಮರ್ ನಿಧಾನಕ್ಕೆ ಎತ್ಕೊಂಡು ಕಳಿಸ್ತಾ ಇರಲಿ. 22,500 ಎಸ್‌ಎಂಎಸ್ಸಿಗೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತೆ. ದುಡ್ಡು ಬಂದು ಅರ್ಧ ಗಂಟೆ ಆದ್ಮೇಲೆ ಮೆಸೇಜು ಬಂದ್ರೆ ಯಾರೂ ಬೈಯಲ್ಲ.

---

ಮೊಳಕಾಲ್ಮೂರು ಎಳೆ · ಬುಧವಾರ ರಾತ್ರಿ 10:05

ಇದರ ಜೊತೆ ಇನ್ನೊಂದು. ನಿಮ್ಮ ಕಾಂಟೆಕ್ಸ್ಟುಗಳ ನಡುವೆ ಇರೋ ವಿಎಂ ಬುಟ್ಟಿ ಬರೀ ಮೆಮೊರಿಯಲ್ಲಿರೋದು. ಟಾಮ್‌ಕ್ಯಾಟ್ ನಿಲ್ಲಿಸಿದಾಗ ಕ್ಯಾಮಲ್ ಕೈಯಲ್ಲಿರೋ ಕೆಲಸ ಮುಗಿಸೋಕೆ ಕಾಯುತ್ತೆ, 2.x ನಲ್ಲಿ ಡೀಫಾಲ್ಟ್ 300 ಸೆಕೆಂಡ್. ಆದರೆ ಯಾರಾದ್ರೂ ಅವಸರಕ್ಕೆ ಕಿಲ್ ಮೈನಸ್ 9 (ಪ್ರೋಸೆಸ್ಸನ್ನ ಬಲವಂತವಾಗಿ ಆಗಲೇ ಕೊಲ್ಲೋ ಆಜ್ಞೆ) ಹೊಡೆದ್ರೆ ಬುಟ್ಟಿಯಲ್ಲಿದ್ದದ್ದೆಲ್ಲಾ ಗಾಳಿಗೆ. ನಿಮ್ಮಲ್ಲಿ ಯಾರು ಹೊಡೀತಾರೆ?

---

ಮಂಡಿಪೇಟೆ ಹುಡುಗ · ಬುಧವಾರ ರಾತ್ರಿ 10:09

ನಾನೇ ಅಕ್ಕ 🙈 ಐದು ನಿಮಿಷ ಆದ್ರೂ ನಿಲ್ಲಲ್ಲ ಅಂತ.

---

ಮೊಳಕಾಲ್ಮೂರು ಎಳೆ · ಬುಧವಾರ ರಾತ್ರಿ 10:14

ಆ ಐದು ನಿಮಿಷವೇ 300 ಸೆಕೆಂಡ್ ಕಣೋ ತಮ್ಮ!

---

ಜಾಲಿಮರ · ಗುರುವಾರ ಬೆಳಿಗ್ಗೆ 8:20

ಮೂರು ದಿನದಿಂದ ಪೂಲ್ ಅಳತೆ ಮಾಡ್ತಿದೀರಿ. ವರ್ಚುಯಲ್ ಥ್ರೆಡ್ ಇದ್ದಿದ್ರೆ ಈ ಚರ್ಚೆಯೇ ಇರ್ತಿರಲಿಲ್ಲ ಅಂತ ಮತ್ತೆ ಹೇಳ್ತೀನಿ. ಹೊಸ ಕ್ಯಾಮಲ್ 4ರಲ್ಲಿ ಒಂದು ಪ್ರಾಪರ್ಟಿ ಟ್ರೂ ಮಾಡಿದ್ರೆ ಸಾಕು.

---

ಕೋಟೆ ಕಾವಲು · ಗುರುವಾರ ಬೆಳಿಗ್ಗೆ 8:41

ಇರ್ತಿತ್ತು ಸ್ವಾಮಿ. 900 ವರ್ಚುಯಲ್ ಥ್ರೆಡ್ ಬಂದು ನನ್ನ ಹತ್ತು ಕನೆಕ್ಷನ್ ಮುಂದೆ ನಿಲ್ತಿದ್ದವು. ಅವು ಹಗುರ, ನಿಲ್ಲೋಕೆ ಖರ್ಚಿಲ್ಲ, ಒಪ್ಪಿದೆ. ನಿಲ್ಲೋದಂತೂ ನಿಲ್ತವೆ. ಆ ಟ್ರಾನ್ಸಾಕ್ಷನ್ ತಪ್ಪನ್ನ ಯಾವ ಆವೃತ್ತಿಯೂ ಸರಿ ಮಾಡಲ್ಲ.

---

ಮಾರಿಕಣಿವೆ · ಗುರುವಾರ ಬೆಳಿಗ್ಗೆ 9:05

ಇಬ್ಬರದೂ ಸರಿ ಇದೆ. ಕಾಯೋ ಕೆಲಸ ಜಾಸ್ತಿ ಇರೋ ಇಂಥ ರೂಟಿಗೇ ವರ್ಚುಯಲ್ ಥ್ರೆಡ್ಡು ಹೇಳಿ ಮಾಡಿಸಿದ್ದು. ಆದರೆ ಪೂಲು ಬರೀ ಥ್ರೆಡ್ಡಿನ ಖರ್ಚು ಉಳಿಸೋಕೆ ಇರೋದಲ್ಲ, ಆ ಕಡೆಯವರಿಗೆ ಒಂದೇ ಸಲಕ್ಕೆ ಎಷ್ಟು ಬಡೀಬೇಕು ಅನ್ನೋ ಲಗಾಮೂ ಅದೇ. ಲಗಾಮು ಬಿಟ್ಟರೆ ಅದನ್ನ ಬೇರೆ ಎಲ್ಲೋ ಕಟ್ಟಬೇಕು. ಇನ್ನು ಜಾವಾ 21ರಲ್ಲಿ ಸಿಂಕ್ರೊನೈಜ್ಡ್ ಬ್ಲಾಕ್ ಒಳಗೆ ಕಾಯ್ತಾ ನಿಂತರೆ ಕೆಳಗಿನ ಅಸಲಿ ಥ್ರೆಡ್ಡೂ ಸಿಕ್ಕಿಹಾಕ್ಕೊಳ್ಳುತ್ತೆ, ಹಳೇ ಡ್ರೈವರುಗಳಲ್ಲಿ ಅದು ಬೇಕಾದಷ್ಟು. ಜಾವಾ 24ರಲ್ಲಿ ಅದನ್ನ ಬಿಡಿಸಿದಾರೆ.

ತಮ್ಮಂಗೆ ಒಂದು ಮಾತು. ಸೀಸನ್ ಮುಗಿದ ಮೇಲೆ ಮೇಲಕ್ಕೆ ಹೋಗೋದಾದ್ರೆ ನಾಲ್ಕು ಕಾಂಟೆಕ್ಸ್ಟನ್ನ ಒಂದು ಮಾಡೋದರಿಂದ ಶುರು ಮಾಡು. ಕ್ಯಾಮಲ್ 3ರಿಂದಲೇ ಒಂದು ಡಿಪ್ಲಾಯ್‌ಮೆಂಟಿಗೆ ಒಂದೇ ಕಾಂಟೆಕ್ಸ್ಟ್ ಅಂತ ಮಾಡಿದಾರೆ. ಕ್ಯಾಮಲ್ 4ರಲ್ಲಿ ವಿಎಂ ಕಾಂಪೊನೆಂಟೇ ಇಲ್ಲ, ಸೆಡಾಗೆ ಬದಲಾಯಿಸ್ಕೋಬೇಕು. ಜಾವಾ 17 ಬೇಕೇ ಬೇಕು.

---

ಮಂಡಿಪೇಟೆ ಹುಡುಗ · ಶುಕ್ರವಾರ ಮಧ್ಯಾಹ್ನ 12:30

ನಿನ್ನೆ ಡಮ್ಮಿ ಬಿಟ್ಟು ಪಾವತಿ ಸೇವೆಯವರ ಟೆಸ್ಟ್ ಸರ್ವರಿಗೇ ಓಡಿಸಿದೆ. ನಾಲ್ಕು ನಿಮಿಷಕ್ಕೆ ಅವರ ಕಡೆಯಿಂದ ಫೋನು. "ಯಾರ್ರೀ ಅದು, ಸೆಕೆಂಡಿಗೆ 35 ಕಳಿಸ್ತಿರೋರು? ನಿಮಗೆ ಕೊಟ್ಟಿರೋದು 25." ಒಪ್ಪಂದದ ಕಾಗದ ತೆಗೆದು ನೋಡಿದ್ರೆ ಹೌದು, 25 ಅಂತಾನೇ ಐತೆ. ನಾವು ಹನ್ನೆರಡೂವರೆ ದಾಟಿದ್ದೇ ಇಲ್ಲ, ಯಾರಿಗೆ ಗೊತ್ತಾಗಬೇಕು.

ಸ್ಪ್ಲಿಟ್ ಒಳಗೆ, ಕರೆಗೆ ಮೊದಲು ಥ್ರಾಟಲ್ 25 (ಸೆಕೆಂಡಿಗೆ 25ಕ್ಕಿಂತ ಹೆಚ್ಚು ಬಿಡದ ತಡೆ) ಹಾಕಿದೀನಿ. ಪೂಲ್ 30 ಇರ್ಲಾ, ಇಳಿಸ್ಲಾ?

---

ಮಾರಿಕಣಿವೆ · ಶುಕ್ರವಾರ ಮಧ್ಯಾಹ್ನ 12:52

ಅದೇ ಗುಣಾಕಾರ. ಕರೆ 0.8, ಎರಡು ಚಿಕ್ಕ ಟ್ರಾನ್ಸಾಕ್ಷನ್ ಸೇರಿ 0.85. ಗುಣಿಸು 25. ಇಪ್ಪತ್ತೊಂದೂಕಾಲು. 22 ಇಡು. ಅದಕ್ಕಿಂತ ಜಾಸ್ತಿ ಇಟ್ಟರೆ ಥ್ರಾಟಲ್ ಮುಂದೆ ಸುಮ್ಮನೆ ನಿಂತಿರ್ತಾವೆ. 22,500ಕ್ಕೆ ಹದಿನೈದು ನಿಮಿಷ.

---

ವಿದ್ಯಾನಗರ ಕೊನೇ ಸ್ಟಾಪ್ · ಶುಕ್ರವಾರ ಮಧ್ಯಾಹ್ನ 1:10

ಸೋಮವಾರ 100 ಅಂತ ಶುರುವಾಗಿದ್ದು 22ಕ್ಕೆ ಬಂದು ನಿಂತಿತು. ಡೀಫಾಲ್ಟಿನ ಮ್ಯಾಕ್ಸ್ 20 ಇತ್ತಲ್ವಾ ಅಣ್ಣ?

---

ಮಂಡಿಪೇಟೆ ಹುಡುಗ · ಶುಕ್ರವಾರ ಮಧ್ಯಾಹ್ನ 1:12

ಗಾಯಕ್ಕೆ ಉಪ್ಪು ಹಾಕಬೇಡಪ್ಪ.

---

ಮಂಡಿಪೇಟೆ ಹುಡುಗ · ಶನಿವಾರ ರಾತ್ರಿ 7:50

6:40ಕ್ಕೆ ಶುರು, 6:56ಕ್ಕೆ ಕೊನೇ ಸಾಲು "ಆಯ್ತು". ಎಸ್‌ಎಂಎಸ್ಸು 7:19ಕ್ಕೆ ಮುಗೀತು. ಒಂದು ಫೈಲಲ್ಲಿ ಮೂರು ಸಾಲಿಗೆ ಖಾತೆ ಸಂಖ್ಯೆ ತಪ್ಪಿತ್ತು, ಅದು ಕೇಂದ್ರದವರದು, ಥ್ರೆಡ್ಡಿನದಲ್ಲ.

ಕೋಟೆ ಕಾವಲು ಸರ್, ದಾವಣಗೆರೆಗೆ ಯಾವಾಗ ಬರ್ತೀರಿ? ಮಂಡಕ್ಕಿ ಬಾಕಿ ಐತೆ.

---

ಕೋಟೆ ಕಾವಲು · ಶನಿವಾರ ರಾತ್ರಿ 8:03

ಬರೋ ಭಾನುವಾರ. ಮೆಣಸಿನಕಾಯಿ ಬಿಸಿ ಇರಬೇಕು, ಕ್ಯೂನಲ್ಲಿ ನಿಲ್ಲಲ್ಲ ನಾನು.